ಎರಡು ಹಾಳೆ ಒಮ್ಮೆಗೇ

ದಸರೆಯ ರಜೆಗೆ ಮೊಮ್ಮಗಳು ಹುಬ್ಬಳ್ಳಿಯಿಂದ ಬಂದಾಗ ಅವಳ ಕೈಯಲ್ಲಿ ಎರಡು ಚೀಲ. ಬಟ್ಟೆಯ ಚೀಲ ಹಗುರ, ಶಾಲೆಯ ಚೀಲ ಭಾರ. “ರಜಾದಾಗೂ ಇದ್ಯಾಕವ್ವಾ?” ಎಂದೆ.

“ಹೋಂವರ್ಕ್ ಆಯಿ. ಆದ್ರ ಈ ಸಲದ್ದು ನಂದಲ್ಲ, ನಿಮ್ಮದು” ಎಂದು ನೋಟುಬುಕ್ಕು ತೆಗೆದಳು.

ಆರನೆಯ ಇಯತ್ತೆಯ ಮಕ್ಕಳಿಗೆ ಅವರ ಟೀಚರು ಕೊಟ್ಟ ಕೆಲಸ ಇಷ್ಟು: ಮನೆಯ ಇಬ್ಬರು ಹಿರಿಯರಿಗೆ ಮೂರು ಪ್ರಶ್ನೆ ಕೇಳಬೇಕು. ನಿಮಗೆ ಎಲ್ಲಕ್ಕಿಂತ ಪ್ರಿಯವಾದ ಪುಸ್ತಕ ಯಾವುದು? ನೋಡಬೇಕೆಂದು ಆಸೆಪಟ್ಟ ಜಾಗ ಯಾವುದು? ಯಾರನ್ನು ನೆನೆದರೆ ನಿಮಗೆ ಧೈರ್ಯ ಬರುತ್ತದೆ? ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು. ನಾನೂ 34 ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು. ಮಕ್ಕಳಿಗೆ ಇಂಥ ಕೆಲಸ ಕೊಡಬೇಕೆಂದು ನನಗೊಮ್ಮೆಯೂ ಹೊಳೆದಿರಲಿಲ್ಲ. ಹತ್ತು ಸಲ ಮಗ್ಗಿ ಬರೆಯಿರಿ ಎನ್ನುತ್ತಿದ್ದೆ.

ಮೊದಲು ನನ್ನ ಸರದಿ. ಅಡುಗೆಮನೆಯ ಮಣೆಯ ಮೇಲೆ ಕುಳಿತು ಪೆನ್ಸಿಲು ಚೂಪು ಮಾಡಿಕೊಂಡಳು.

ಪುಸ್ತಕಕ್ಕೆ ನಾನು ತಡಮಾಡಲಿಲ್ಲ. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’. ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಕನ್ನಡದ ಹೆಣ್ಣುಮಗಳೊಬ್ಬಳು ದಕ್ಷಿಣ ಅಮೆರಿಕದವರೆಗೆ ಹೋಗಿಬಂದು ಬರೆದ ಪ್ರವಾಸ ಕಥನ. ಅದನ್ನು ಓದುವಾಗ ನಾನಿನ್ನೂ ನೌಕರಿಯಲ್ಲಿದ್ದೆ. ಬಸ್ಸಿನಲ್ಲಿ ಓದುತ್ತ ಓದುತ್ತ ಇಳಿಯಬೇಕಾದ ಸ್ಟಾಪು ದಾಟಿ ಎರಡು ಕಿಲೋಮೀಟರು ಹಿಂದಕ್ಕೆ ನಡೆದು ಬಂದದ್ದಿದೆ.

ಎರಡನೆಯ ಉತ್ತರ ಅದರಿಂದಲೇ ಹುಟ್ಟಿತು: ಮಾಚು ಪಿಚು. ಮೊಮ್ಮಗಳು ಮೂರು ಸಲ ಕೇಳಿ ಬರೆದುಕೊಂಡಳು. ಮಕ್ಕಳೇ, ನಿಮ್ಮ ಭೂಪಟದಲ್ಲಿ ದಕ್ಷಿಣ ಅಮೆರಿಕದ ಎಡಗಡೆಯ ಅಂಚನ್ನು ನೋಡಿ. ಆಂಡಿಸ್ ಪರ್ವತಗಳ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿ, ಇಂಕಾ ಜನ 15ನೇ ಶತಮಾನದಲ್ಲಿ ಕಟ್ಟಿದ ಊರು ಅದು. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಅಲ್ಲಿನ ಮುಖ್ಯ ಗುಡಿಗಳ ಗೋಡೆಗೆ ಗಾರೆಯಿಲ್ಲ. ಕಲ್ಲಿಗೆ ಕಲ್ಲನ್ನು ಹಾಗೇ ಉಜ್ಜಿ ಕೂಡಿಸಿದ್ದಾರೆ. ಬಾದಾಮಿ, ಐಹೊಳೆಯ ಕಲ್ಲು ನೋಡಿ ಬೆಳೆದ ನನಗೆ ಆ ಕಲ್ಲನ್ನೂ ಒಮ್ಮೆ ಮುಟ್ಟಬೇಕೆಂದು ಆಸೆ. ನಿವೃತ್ತಿಯಾದ ವರ್ಷ ನಾವಿಬ್ಬರೂ ಪಾಸ್‌ಪೋರ್ಟ್ ಕೂಡ ಮಾಡಿಸಿದ್ದೆವು. ಆಮೇಲೆ ಮನೆಯ ಮಾಳಿಗೆ ಸೋರಿತು, ಮಗನ ಮದುವೆ ಬಂತು. ಪಾಸ್‌ಪೋರ್ಟಿನ ಹತ್ತು ವರ್ಷದ ಅವಧಿ ಟ್ರಂಕಿನಲ್ಲೇ ಮುಗಿಯಿತು, ಒಂದು ಮುದ್ರೆಯೂ ಬೀಳಲಿಲ್ಲ.

ಮೂರನೆಯದಕ್ಕೆ ನಂಜನಗೂಡು ತಿರುಮಲಾಂಬ ಎಂದೆ. 1887ರಲ್ಲಿ ಹುಟ್ಟಿದವರು. ಆಡುವ ವಯಸ್ಸಿನಲ್ಲಿ ಮದುವೆ, ಬೆನ್ನಿಗೇ ವೈಧವ್ಯ. ಮನೆಯಲ್ಲೇ ಓದಿದರು, ನೆರೆಹೊರೆಯ ಹೆಣ್ಣುಮಕ್ಕಳಿಗೆ ಕಲಿಸಿದರು. ಕಾದಂಬರಿ ಬರೆದರು, ಪತ್ರಿಕೆ ನಡೆಸಿದರು. ತಮ್ಮ ಪುಸ್ತಕ ತಾವೇ ಪ್ರಕಟಿಸಿದರು. ಹೆಂಗಸು ಬರೆಯುವುದೇ ಸುದ್ದಿಯಾಗಿದ್ದ ಕಾಲವದು. ಈ ಪುಟಕ್ಕೆ ಬರೆಯಲು ಕುಳಿತಾಗ ಏನೂ ತೋಚದಿದ್ದರೆ ನಾನು ಅವರನ್ನು ನೆನೆಯುತ್ತೇನೆ. ಒಲೆಯ ಮುಂದೆ ಅನ್ನ ಸೀಯುವವರೆಗೂ ನೆನೆದದ್ದುಂಟು.

“ಈಗ ಅಜ್ಜಂದು” ಎಂದು ಎದ್ದಳು. ನನಗೆ ಸುಮ್ಮನಿರಲಾಗಲಿಲ್ಲ. “ಅಜ್ಜನ್ನ ಯಾಕ ಕೇಳ್ತಿ? ಅವರದೂ ನಾನ ಹೇಳ್ತೇನಿ, ಬರಕೋ. ಲಗ್ನಾಗಿ 44 ವರ್ಷಾತು.”

“ತಪ್ಪಾದ್ರ?”

“ಒಂದು ತಪ್ಪಿಗೆ ಐದು ಶೇಂಗಾ ಹೋಳಿಗಿ.”

ನನ್ನ ಲೆಕ್ಕ ಹೀಗಿತ್ತು. ಪುಸ್ತಕ: ಗಳಗನಾಥರ ‘ಮಾಧವ ಕರುಣಾ ವಿಲಾಸ’. ಜಾಗ: ಕಾಶ್ಮೀರ. ದಾಲ್ ಸರೋವರದ ಕ್ಯಾಲೆಂಡರ್ ಚಿತ್ರ ಕತ್ತರಿಸಿ ಕಪಾಟಿನ ಬಾಗಿಲ ಒಳಗೆ ಅಂಟಿಸಿ ಇಪ್ಪತ್ತು ವರ್ಷವಾಗಿದೆ. ವ್ಯಕ್ತಿ: ಮತ್ತೆ ಗಳಗನಾಥರೇ. ಇದರಲ್ಲಂತೂ ನನಗೆ ಸಂಶಯವೇ ಇರಲಿಲ್ಲ.

ಯಾಕೆಂದು ಹೇಳುತ್ತೇನೆ. ನಮ್ಮನೆಯವರು ಅಂಚೆ ಇಲಾಖೆಯಲ್ಲಿ 37 ವರ್ಷ ದುಡಿದವರು. ಮೊದಲ ಹನ್ನೆರಡು ವರ್ಷ ಊರೂರು ಸುತ್ತುವ ಪೋಸ್ಟ್‌ಮನ್. ನಮ್ಮ ಹಾವೇರಿ ಸೀಮೆಯ ವರದಾ ನದಿಯ ದಂಡೆಯ ಹಳ್ಳಿಗಳು ಅವರ ಪಾಲಿಗೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲಿನಲ್ಲಿ ಟಪಾಲಿನ ಚೀಲವನ್ನು ತಲೆಯ ಮೇಲೆ ಹಿಡಿದು ಕೂಡುತ್ತಿದ್ದರಂತೆ. ತಾನು ತೊಯ್ದರೂ ಚೀಲ ತೊಯ್ಯಬಾರದು. ಅದೇ ಹೊಳೆ ಮುಂದೆ ತುಂಗಭದ್ರೆಯನ್ನು ಸೇರುವ ಊರು ಗಳಗನಾಥ. ಆ ಊರಿನ ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಶಾಲಾ ಮಾಸ್ತರರೇ ಊರ ಹೆಸರಿನಿಂದ ಗಳಗನಾಥರಾದರು. 1869ರಿಂದ 1942ರವರೆಗೆ ಬದುಕಿದ್ದರು. ಕನ್ನಡದಲ್ಲಿ ಓದುವವರೇ ಇಲ್ಲ ಎಂದು ಎಲ್ಲರೂ ಗೊಣಗುತ್ತಿದ್ದ ಕಾಲದಲ್ಲಿ ಕಾದಂಬರಿ ಮೇಲೆ ಕಾದಂಬರಿ ಬರೆದರು. ಬರೆದು ಸುಮ್ಮನೆ ಕೂಡಲಿಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. “ಅವರು ಪುಸ್ತಕ ಹೊತ್ರು, ನಾ ಪತ್ರ ಹೊತ್ತೆ” ಎಂದು ನಮ್ಮನೆಯವರು ಬಂದವರೆದುರಿಗೆಲ್ಲ ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ!

ಅರ್ಧ ಗಂಟೆಯ ಮೇಲೆ ಮೊಮ್ಮಗಳು ಕುಣಿಯುತ್ತ ಬಂದಳು. “ಮೂರಕ್ಕ ಮೂರೂ ತಪ್ಪು ಆಯಿ! ಹದಿನೈದು ಹೋಳಿಗಿ!”

ನೋಟುಬುಕ್ಕು ಕಸಿದು ನೋಡಿದೆ. ಪುಸ್ತಕ: ತೇಜಸ್ವಿಯವರ ‘ಕರ್ವಾಲೊ’. ಜಾಗ: ವರದಾಮೂಲ. ಅದರ ಮುಂದೆ, ‘ಈ ವರ್ಷವೇ ಹೋಗಬೇಕು ಎಂದು ಅಜ್ಜ ಹೇಳಿದರು’ ಎಂದು ಬರೆದಿದ್ದಳು. ವ್ಯಕ್ತಿ: ಗದುಗಿನ ಪುಟ್ಟರಾಜ ಗವಾಯಿಗಳು.

ನನಗೆ ಸ್ವಲ್ಪ ಸಿಟ್ಟೇ ಬಂತು. ಗವಾಯಿಗಳ ಮೇಲಲ್ಲ. ಅವರ ಬಗ್ಗೆ ಈ ಭಾಗದಲ್ಲಿ ಭಕ್ತಿ ಇಲ್ಲದ ಮನೆ ಯಾವುದು? ನಮ್ಮ ಹಾವೇರಿ ಜಿಲ್ಲೆಯ ದೇವಗಿರಿಯಲ್ಲೇ 1914ರಲ್ಲಿ ಹುಟ್ಟಿದವರು. ಕೂಸಾಗಿದ್ದಾಗಲೇ ಕಣ್ಣು ಹೋದವು. ತಾವೂ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅವರನ್ನು ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಗುರುವಿನ ನಂತರ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಶಿಷ್ಯ ನಡೆಸಿದರು. ಹಾಡಿದರು, ಹತ್ತಾರು ವಾದ್ಯ ನುಡಿಸಿದರು, ನಾಟಕ ಬರೆದರು, ಬ್ರೈಲ್ ಲಿಪಿಯಲ್ಲಿ ಗ್ರಂಥಗಳನ್ನು ರಚಿಸಿದರು. ಕಣ್ಣಿಲ್ಲದ, ತಂದೆತಾಯಿ ಇಲ್ಲದ ಎಷ್ಟೋ ಮಕ್ಕಳು ಅಲ್ಲಿ ಉಂಡು, ಕಲಿತು, ಸ್ವಂತ ಕಾಲ ಮೇಲೆ ನಿಂತರು. 2010ರಲ್ಲಿ ಅವರು ತೀರಿಕೊಂಡಾಗ ಗದುಗಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ಸರಿ. ಆದರೆ 44 ವರ್ಷ ಗಳಗನಾಥರೆಂದವರು ಇದ್ದಕ್ಕಿದ್ದಂತೆ ಗವಾಯಿಗಳೆಂದರೆ? ಕಾಶ್ಮೀರ ಬಿಟ್ಟು ಸಾಗರದ ಹತ್ತಿರದ ವರದಾಮೂಲ ಎಂದರೆ? ನನಗೆ ಹೇಳದೆ ಮನಸ್ಸು ಬದಲಾಯಿಸಿದ್ದು ಯಾವಾಗ?

ಹೋಳಿಗೆ ಮಾಡಲೇಬೇಕಾಯಿತು. ಮರುದಿನ ಸಂಜೆ ಒಳಗೆ ಶೇಂಗಾ ಹುರಿಯುತ್ತಿದ್ದೆ. ಹೊರಗೆ ಕಟ್ಟೆಯ ಮೇಲೆ ಅಜ್ಜ, ಮೊಮ್ಮಗಳು. “ನಿನ್ನ ಪುಸ್ತಕ ಓದಿ ತೋರಿಸು ಅಜ್ಜ” ಎಂದು ಅವಳ ಹಟ. ಇವರು ಓದಲು ತೊಡಗಿದರು. ಮಂದಣ್ಣನ ಜೇನು, ಕಿವಿ ಎಂಬ ನಾಯಿ, ಹಾರುವ ಓತಿ ಹುಡುಕಿ ಕಾಡು ಅಲೆಯುವ ವಿಜ್ಞಾನಿ ಕರ್ವಾಲೊ. ‘ಕರ್ವಾಲೊ’ ಪ್ರಕಟವಾದದ್ದು 1980ರಲ್ಲಿ. ನಮ್ಮ ಮನೆಯಲ್ಲಿರುವ ಪ್ರತಿಯ ಬೆನ್ನಿಗೆ ಮೂರು ಸಲ ಅಂಟು ಹಚ್ಚಿದ್ದೇವೆ. ಕೊನೆಗೆ ಆ ಓತಿ ಏನಾಯಿತೆಂದು ನಾನಿಲ್ಲಿ ಹೇಳುವುದಿಲ್ಲ, ಓದದ ಮಕ್ಕಳು ಓದಿಯೇ ತಿಳಿಯಬೇಕು. ಇವರು ನಾಟಕದವರ ಹಾಗೆ ದನಿ ಬದಲಾಯಿಸಿ ಬದಲಾಯಿಸಿ ಓದುತ್ತಿದ್ದರು, ಮೊಮ್ಮಗಳು ಕಿಲಕಿಲ ನಗುತ್ತಿದ್ದಳು. ಒಳಗೆ ನಾನೂ ನಗುತ್ತಿದ್ದೆ.

ಓದು ಮುಗಿದ ಮೇಲೆ ಅವಳು ಒಳಗೆ ಬಂದು, ಹುರಿದ ಕಾಳು ಬಾಯಿಗೆ ಹಾಕಿಕೊಳ್ಳುತ್ತ, ಏನೋ ಬೆರಗು ಕಂಡವಳಂತೆ ಹೇಳಿದಳು: “ಆಯಿ, ಅಜ್ಜ ಎರಡು ಹಾಳಿ ಒಮ್ಮೆಗೇ ತಿರುವಿದ. ಆದರೂ ಕಥಿ ಎಲ್ಲೂ ಕಡೀಲಿಲ್ಲ. ಅದ್ಹೆಂಗ?”

ಬಾಣಲೆಯಲ್ಲಿ ಶೇಂಗಾ ಕರಿಯಾಗುವವರೆಗೆ ನಾನು ಹಾಗೇ ನಿಂತಿದ್ದೆ.

ಆಮೇಲೆ ಒಂದೊಂದೇ ನೆನಪಾದವು. ಪೇಪರು ಬಂದ ತಕ್ಷಣ ಕಸಿದುಕೊಳ್ಳುತ್ತಿದ್ದ ಮನುಷ್ಯ ಈಗೀಗ “ದೊಡ್ಡ ಸುದ್ದಿ ಏನೈತಿ, ನೀನ ಹೇಳು” ಎನ್ನುತ್ತಿದ್ದರು. ಚಹಾ ಬಸಿಯ ಹೊರಗೆ ಚೆಲ್ಲುತ್ತಿತ್ತು. ಬ್ಯಾಂಕಿನ ಚೀಟಿ ತುಂಬಲು ಪಕ್ಕದವರ ಹುಡುಗನನ್ನು ಕರೆಯುತ್ತಿದ್ದರು. ಅಂಗಡಿಗೆ ಹೋಗಿ ಎರಡು ಸಲ ಕನ್ನಡಕದ ನಂಬರು ಬದಲಾಯಿಸಿಕೊಂಡು ಬಂದಿದ್ದರು. ಆದರೆ ದಾರಿಯಲ್ಲಿ ಎಲ್ಲೂ ಎಡವುತ್ತಿರಲಿಲ್ಲ. ಸಂತೆಗೆ ಹೋಗುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು. ಹಾಗಾಗಿ ನನಗೆ ಅನುಮಾನ ಬಂದಿರಲಿಲ್ಲ.

ಇನ್ನೊಂದು ಸಂಗತಿ ಇದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆರೇಳು ತಿಂಗಳಿನಿಂದ ಮಾತಾಡುವಾಗ ಇವರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕಿವಿಯ ಆಚೆ ಗೋಡೆಯ ಮೇಲೆ ಯಾರೋ ನಿಂತಿದ್ದಾರೆ ಎಂಬಂತೆ ಅತ್ತ ನೋಡುತ್ತ ಉತ್ತರ ಕೊಡುತ್ತಿದ್ದರು. ಶ್ರಾವಣದಲ್ಲಿ ಒಂದು ದಿನ ನಾನು ಇದೇ ಕಾರಣಕ್ಕೆ ಜಗಳವಾಡಿದ್ದೆ. “ಮುದುಕಿ ಆಗೇನಂತ ಮಾರಿ ನೋಡಾಕೂ ಬ್ಯಾಸರ ಆತೇನು?” ಎಂದುಬಿಟ್ಟಿದ್ದೆ. ಅವರು ಅದಕ್ಕೂ ಗೋಡೆಯ ಕಡೆಗೇ ನೋಡುತ್ತ, “ಹಂಗೇನಿಲ್ಲ ಬಿಡು” ಎಂದಿದ್ದರು. ಎರಡು ದಿನ ನಾನು ಮಾತು ಬಿಟ್ಟಿದ್ದೆ.

ಆ ರಾತ್ರಿ ಮೊಮ್ಮಗಳು ಮಲಗಿದ ಮೇಲೆ ‘ಕರ್ವಾಲೊ’ ತಂದು ಅವರ ಕೈಗೆ ಕೊಟ್ಟೆ. ಒಂದು ಪುಟ ತೆರೆದು ಬೆರಳಿಟ್ಟು, “ಈ ಸಾಲು ಓದ್ರಿ” ಎಂದೆ. ಪುಸ್ತಕವನ್ನು ಸುಮ್ಮನೆ ಮುಚ್ಚಿದರು.

“ಯಾವಾಗಿಂದ?”

“ಯುಗಾದಿಂದ. ಮೊದ್ಲು ಕಿಟಕಿ ಸಳಿ ಡೊಂಕ ಕಾಣಾಕತ್ವು. ಆಮ್ಯಾಲ ಅಕ್ಷರದ ನಡುವ ಒಂದು ಮಬ್ಬು. ಎಲ್ಲಿ ನೋಡಬೇಕಂತೀನಿ, ಅಲ್ಲೇ ಕಾಣಂಗಿಲ್ಲ. ಬಾಜೂಕ ಎಲ್ಲಾ ಕಾಣತೈತಿ.”

“ನನಗ ಯಾಕ ಹೇಳಲಿಲ್ಲ?”

ಬಹಳ ಹೊತ್ತು ಸುಮ್ಮನಿದ್ದರು. ನಾವು ನಿವೃತ್ತರಾದಾಗಿನಿಂದ ಸಂಜೆ ಕಟ್ಟೆಯ ಮೇಲೆ ಕುಳಿತು ಅವರವರ ಪುಸ್ತಕ ಅವರವರು ಓದುವುದು ರೂಢಿ. ಒಳ್ಳೆಯ ತುಣುಕು ಬಂದರೆ ಮಾತ್ರ ಒಬ್ಬರು ಇನ್ನೊಬ್ಬರಿಗೆ ಗಟ್ಟಿಯಾಗಿ ಓದುತ್ತೇವೆ. ಅಷ್ಟೂ ತಿಂಗಳು ಇವರು ಬಾಯಿಪಾಠವಿದ್ದ ಒಂದೇ ಪುಸ್ತಕ ಹಿಡಿದು, ಹಾಳೆ ತಿರುವುತ್ತ ನನ್ನ ಪಕ್ಕದಲ್ಲಿ ಕುಳಿತಿದ್ದರು. “ನನಗ ಓದಾಕ ಬರಂಗಿಲ್ಲ ಅಂತ ಗೊತ್ತಾದ್ರ ನೀನೂ ಓದೂದು ಬಿಡ್ತಿ. ನನಗ ಗೊತ್ತೈತಿ. ನೀ ನನ್ನ ಔಷಧ, ನನ್ನ ಪಥ್ಯ ಅಂತ ಓಡ್ಯಾಡ್ತಿ. ಕಟ್ಟಿ ಖಾಲಿ ಬೀಳತೈತಿ” ಎಂದರು.

ಅದು ಸುಳ್ಳೆಂದು ಹೇಳಲು ನನ್ನಿಂದಾಗಲಿಲ್ಲ. ಹಾಗೇ ಮಾಡುತ್ತಿದ್ದೆ.

ಎರಡು ದಿನ ಬಿಟ್ಟು ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಔಷಧಿ ಹನಿ ಹಾಕಿ ಕಣ್ಣಿನ ಪಾಪೆ ಹಿಗ್ಗಿಸಿ ಒಳಗೆಲ್ಲ ನೋಡಿದರು. ಕಣ್ಣಿನ ಹಿಂಭಾಗದಲ್ಲಿ ಬೆಳಕು ಬೀಳುವ ಒಂದು ಪರದೆ ಇದೆಯಷ್ಟೆ, ಅದರ ನಟ್ಟನಡುವಿನ ಭಾಗ ವಯಸ್ಸಿನಿಂದ ಸವೆಯುವ ರೋಗ ಇದು. ಓದುವುದು, ಸೂಜಿಗೆ ದಾರ ಹಾಕುವುದು, ಮುಖ ಗುರುತು ಹಿಡಿಯುವುದು ಎಲ್ಲ ಆ ನಡುಭಾಗದ ಕೆಲಸ. ಅಂಚಿನ ದೃಷ್ಟಿ ಉಳಿಯುತ್ತದೆ, ಆದ್ದರಿಂದ ಓಡಾಟಕ್ಕೆ ಅಷ್ಟು ತೊಂದರೆಯಾಗುವುದಿಲ್ಲ. ಇವರದು ‘ಒಣ’ ಬಗೆ. ಹೋದದ್ದು ತಿರುಗಿ ಬರುವುದಿಲ್ಲ. ಇದೇ ರೋಗಕ್ಕೆ ‘ಹಸಿ’ ಬಗೆ ಎಂಬುದೊಂದಿದೆ. ಅದರಲ್ಲಿ ದೃಷ್ಟಿ ಬೇಗ ಕೆಡುತ್ತದೆ, ಆದರೆ ಬೇಗ ಕಂಡುಹಿಡಿದರೆ ಕಣ್ಣಿಗೆ ಇಂಜೆಕ್ಷನ್ ಕೊಟ್ಟು ತಡೆಯಬಹುದು. ಒಣ ಬಗೆ ಹಸಿಯಾಗಿ ತಿರುಗಬಹುದಾದ್ದರಿಂದ ತಪ್ಪದೆ ತೋರಿಸುತ್ತಿರಬೇಕು ಎಂದರು.

ನಾನು ಕೇಳಿದೆ: “ಡಾಕ್ಟರ್, ಇವರು ಮಾತಾಡುವಾಗ ಬೇರೆ ಕಡೆ ನೋಡುತ್ತಾರಲ್ಲ, ಅದು?”

“ನೇರ ನೋಡಿದರೆ ನಿಮ್ಮ ಮುಖ ಅವರಿಗೆ ಕಾಣುವುದಿಲ್ಲ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಕಾಣುತ್ತದೆ. ನಿಮ್ಮನ್ನು ನೋಡುವುದಕ್ಕೇ ಹಾಗೆ ಮಾಡುತ್ತಿದ್ದಾರೆ” ಎಂದರು.

ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಕಡೆಗೆ ತಿರುಗಿ ಕುಳಿತಿದ್ದೆ. ಶ್ರಾವಣದ ಜಗಳಕ್ಕೆ ತಪ್ಪಾಯಿತು ಎಂದು ಅಂದೆ. ಬಸ್ಸಿನ ಸದ್ದಿಗೆ ಕೇಳಿಸಿತೋ ಇಲ್ಲವೋ, ಶೇಂಗಾ ಹೋಳಿಗೆ ಇನ್ನೂ ಉಳಿದಿವೆಯೇ ಎಂದು ಕೇಳಿದರು.

ಇದನ್ನು ಓದುತ್ತಿರುವ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಡಾಕ್ಟರರು ನಮಗೆ ಚೌಕಳಿಯ ಒಂದು ಕಾಗದ ಕೊಟ್ಟಿದ್ದಾರೆ, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಚುಕ್ಕೆ ನೋಡಬೇಕು. ಆಮೇಲೆ ಆ ಕಣ್ಣು ಮುಚ್ಚಿ ಇದು. ಗೆರೆಗಳು ಡೊಂಕಾಗಿ ಕಂಡರೆ, ಎಲ್ಲಾದರೂ ಅಳಿಸಿಹೋದಂತೆ ಕಂಡರೆ, ತಡಮಾಡದೆ ಡಾಕ್ಟರರ ಹತ್ತಿರ ಹೋಗಬೇಕು. ಒಂದೊಂದೇ ಕಣ್ಣು ಯಾಕೆಂದರೆ, ಎರಡೂ ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಚೌಕಳಿ ಕಾಗದ ಮೊಮ್ಮಕ್ಕಳ ಗಣಿತದ ಪುಸ್ತಕದಲ್ಲೇ ಸಿಗುತ್ತದೆ, ಗುರುತಿಗೆ ಅದೂ ಆದೀತು. ಕನ್ನಡಕದ ನಂಬರು ಎಷ್ಟು ಬದಲಾಯಿಸಿದರೂ ಇದು ಸರಿಹೋಗುವುದಿಲ್ಲ. ನಾವು ಅದರಲ್ಲೇ ಐದು ತಿಂಗಳು ಕಳೆದೆವು.

ರಜೆಯಲ್ಲಿ ಇನ್ನೂ ಐದು ದಿನ ಉಳಿದಿತ್ತು. ‘ಈ ವರ್ಷವೇ ಹೋಗಬೇಕು’ ಎಂಬ ಸಾಲಿನ ಅರ್ಥ ನನಗೀಗ ಗೊತ್ತಾಗಿತ್ತು. ಮಗನಿಗೆ ಫೋನು ಮಾಡಿದರೆ, “ಕಾರು ತಗೊಂಡು ಬರ್ತೀನಿ, ಮುಂದಿನ ತಿಂಗಳು ಹೋಗೋಣು” ಎಂದ. ಮುಂದಿನ ತಿಂಗಳು ಎಂಬ ಮಾತನ್ನು ನಾನು ಪಾಸ್‌ಪೋರ್ಟಿನ ಹೊತ್ತಿಗೇ ಸಾಕಷ್ಟು ಕೇಳಿದ್ದೇನೆ. ಮೂವರೂ ಕೆಂಪು ಬಸ್ಸು ಹತ್ತಿದೆವು.

ಹಾನಗಲ್ಲು ದಾಟಿ, ಮೊದಲ ದಿನ ಬನವಾಸಿ. ವರದೆ ಆ ಊರನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತಾಳೆ. ಕದಂಬರ ರಾಜಧಾನಿ, 4ನೇ ಶತಮಾನದಲ್ಲಿ ಮಯೂರಶರ್ಮ ಇಲ್ಲಿಂದಲೇ ಆಳಿದ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಪಂಪ ತನ್ನ ಕಾವ್ಯದಲ್ಲಿ ಈ ನಾಡನ್ನು ನೆನೆದು ಹಂಬಲಿಸಿದ್ದನ್ನು ನೀವು ಮುಂದಿನ ತರಗತಿಗಳಲ್ಲಿ ಓದುತ್ತೀರಿ. ಮಧುಕೇಶ್ವರನ ಗುಡಿಯಲ್ಲಿ ಸೋದೆ ಅರಸರ ಕಾಲದ ಕಲ್ಲಿನ ಮಂಚವಿದೆ, ಅದರ ಕೆತ್ತನೆ ನೋಡಲು ಒಂದು ಗಂಟೆ ಸಾಲದು. ಆದರೆ ನಮ್ಮ ಮೊಮ್ಮಗಳು ನಿಂತುಬಿಟ್ಟದ್ದು ದೊಡ್ಡ ಬಸವಣ್ಣನ ಎದುರು. ಅವನು ನೇರ ನೋಡುವುದಿಲ್ಲ, ತಲೆ ಕೊಂಚ ವಾರೆ. ಒಂದು ಕಣ್ಣಿನಿಂದ ಮಧುಕೇಶ್ವರನನ್ನೂ ಇನ್ನೊಂದರಿಂದ ಪಕ್ಕದ ಗುಡಿಯ ಪಾರ್ವತಿಯನ್ನೂ ನೋಡುತ್ತಾನೆ ಎಂದು ಊರವರು ಹೇಳುತ್ತಾರೆ.

“ಅಜ್ಜಾ, ಈ ಬಸವಣ್ಣನೂ ನಿನ್ನಂಗ ವಾರಿ ನೋಡತಾನ!”

ಇವರು ಗಟ್ಟಿಯಾಗಿ ನಕ್ಕರು. ಆ ನಗೆ ಕೇಳಿ ನನಗೆಷ್ಟು ಸಮಾಧಾನವಾಯಿತೆಂದರೆ, ಅಲ್ಲಿಯವರೆಗೆ ಮಗುವಿಗೆ ವಿಷಯ ಹೇಳುವುದೋ ಬೇಡವೋ ಎಂದು ನಾವಿಬ್ಬರೂ ಗುಸುಗುಸು ಮಾಡುತ್ತಿದ್ದೆವು. ಅವಳಿಗೆ ಎಲ್ಲ ಗೊತ್ತಿತ್ತು. ಎರಡು ಹಾಳೆ ಕಂಡವಳು ಅವಳೇ ಅಲ್ಲವೇ?

ಮರುದಿನ ಸೊರಬದ ಮೇಲೆ ಹಾದು ಸಾಗರ. ಅಲ್ಲಿಂದ ಆಟೋದಲ್ಲಿ ವರದಾಮೂಲ. ಬಯಲುಸೀಮೆಯ ಕಣ್ಣಿಗೆ ಆ ಹಸಿರು ಮೊದಲು ದಿಗಿಲು ಹುಟ್ಟಿಸುತ್ತದೆ. ಅಡಕೆ ತೋಟ, ಗುಡ್ಡದ ಬುಡ, ಒಂದು ಸಣ್ಣ ಗುಡಿ, ಕಲ್ಲು ಕಟ್ಟಿದ ಕೊಳ. ಅಷ್ಟೇ. ಜನರಿಲ್ಲ. ನೀರು ಸದ್ದಿಲ್ಲದೆ ಇತ್ತು.

“ಇಷ್ಟೇನ?” ಎಂದಳು ಮೊಮ್ಮಗಳು. ನಮ್ಮೂರ ಹತ್ತಿರ ಮಳೆಗಾಲದಲ್ಲಿ ಹೊಲ, ರಸ್ತೆ ನುಂಗುವ ಹೊಳೆ ಇದೇ ಎಂದರೆ ಅವಳು ನಂಬಲು ಸಿದ್ಧಳಿಲ್ಲ. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಇದಕ್ಕಾಗಿ ಇಷ್ಟು ದೂರವೇ!

ಇವರು ಚಪ್ಪಲಿ ಬಿಟ್ಟು ಮೆಟ್ಟಿಲಿಳಿದರು. ನಾನು ಕೈ ಹಿಡಿಯಲು ಹೋದರೆ ಬೇಡವೆಂದರು, ಕಾಲಿನಿಂದಲೇ ಮೆಟ್ಟಿಲು ತಡವಿ ಇಳಿದರು. ಕೊನೆಯ ಮೆಟ್ಟಿಲ ಮೇಲೆ ಕುಳಿತು ನೀರಿಗೆ ಕೈ ಬಿಟ್ಟರು. ಆಮೇಲೆ ಮೊಮ್ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೇಳತೊಡಗಿದರು. ಈ ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ ಒಬ್ಬ ಮುದುಕಿ ಇದ್ದಳು, ಅವಳ ಮಗ ಸೈನ್ಯದಲ್ಲಿದ್ದ. ಪತ್ರ ಬಂದರೆ ಪೋಸ್ಟ್‌ಮನ್ನನೇ ಓದಿ ಹೇಳಬೇಕು. ಒಂದು ಸಲ ಓದಿದರೆ ಸಾಲದು, ಮೂರು ಸಲ. ಮೂರನೆಯ ಸಲಕ್ಕೆ ಅವಳೇ ಮುಂದಿನ ಸಾಲು ಮೊದಲು ಹೇಳುತ್ತಿದ್ದಳಂತೆ. ಪತ್ರ ಬಾರದ ತಿಂಗಳು ಹಳೆಯ ಪತ್ರವನ್ನೇ ತಂದು ಎದುರಿಗೆ ಹಿಡಿಯುತ್ತಿದ್ದಳು. “ಬಾಯಿಪಾಠ ಐತೆಲ್ಲವ್ವಾ ನಿನಗ, ಮತ್ಯಾಕ?” ಎಂದು ಕೇಳಿದರೆ, “ಬ್ಯಾರೇದವ್ರ ಬಾಯಿಲೆ ಕೇಳಿದ್ರ ಅಂವ ಬಂದಂಗ ಆಗತೈತಿ” ಎನ್ನುತ್ತಿದ್ದಳು.

“ಆಗ ನನಗ ವ್ಯಾಳ್ಯಾ ಹಾಳು ಅನಸ್ತಿತ್ತು. ಇನ್ನೂ ನಾಕು ಊರು ಬಾಕಿ ಇರ್ತಿದ್ವು” ಎಂದರು.

ಕೊಳದ ನೀರನ್ನು ಬೊಗಸೆಯಲ್ಲಿ ತೆಗೆದು ಮುಖಕ್ಕೆ ಹಚ್ಚಿಕೊಂಡು, ಓರೆಯಾಗಿ ನನ್ನ ಕಡೆ ನೋಡಿದರು. ಅಂದರೆ, ಗುಡಿಯ ಕಂಬದ ಕಡೆ ನೋಡಿದರು. ಈಗ ನನಗೆ ಲೆಕ್ಕ ಗೊತ್ತಿದೆ.

“ನಿನ್ನ ಪೆರು ಪುಸ್ತಕ ಎಲ್ಲೈತಿ?”

“ಕಪಾಟಿನ್ಯಾಗ.”

“ಊರಿಗೆ ಹೋದ ಮ್ಯಾಲ ನನಗ ಓದಿ ಹೇಳು. ಇಷ್ಟು ವರ್ಷ ನೀ ಅದರ ಬಗ್ಗೆ ಹೇಳಿದ್ದೆಲ್ಲಾ ಹ್ಞೂಂ ಹ್ಞೂಂ ಅಂತ ಕೇಳೇನಿ, ಒಂದೂ ನೆನಪಿಲ್ಲ.”

ಈಗ ಸಂಜೆ ಕಟ್ಟೆಯ ಮೇಲೆ ಒಂದೇ ಪುಸ್ತಕ. ಮೊದಲ ದಿನ ನಾನು ಓದಿದ್ದು ಅವರಿಗೆ ಸೇರಲಿಲ್ಲ. “ನೀ ಸಾಲ್ಯಾಗ ಶುದ್ಧಬರಹ ಹೇಳಿದಂಗ ಓದಾಕತ್ತಿ. ಪೂರ್ಣವಿರಾಮಕ್ಕ ಅಷ್ಟೊತ್ತು ನಿಂದರಬ್ಯಾಡ” ಎಂದರು. 34 ವರ್ಷದ ಚಟ, ಒಂದು ವಾರಕ್ಕೆ ಹೋಗುವುದಿಲ್ಲ. ಊರಿನ ಹೆಸರುಗಳಲ್ಲಿ ನನ್ನ ನಾಲಗೆ ಹೊರಳದಿದ್ದರೆ ಅವರು ತಮ್ಮದೇ ಹೆಸರಿಟ್ಟು ಮುಂದೆ ಸಾಗಿಸುತ್ತಾರೆ. ಕಲ್ಲಿನ ಗೋಡೆಯ ಮಾತು ಬಂದಾಗ ತಡೆದು, ಎರಡು ಕಲ್ಲಿನ ನಡುವೆ ಪೋಸ್ಟ್‌ಕಾರ್ಡು ತೂರಿಸಬಹುದೇ ಎಂದು ಕೇಳಿದರು. ಅಷ್ಟು ಸಂದು ಇರಲಿಕ್ಕಿಲ್ಲ ಎಂದೆ. ಮೆಚ್ಚಿ ತಲೆದೂಗಿದರು.

ಮೊಮ್ಮಗಳು ಹೋಗುವ ಮುಂಚೆ ನೋಟುಬುಕ್ಕು ತೆರೆದು, ವರದಾಮೂಲ ನೋಡಿಯಾಯಿತಲ್ಲ, ಅದನ್ನು ಹೊಡೆದುಹಾಕಿ ಬೇರೆ ಏನು ಬರೆಯಲಿ ಎಂದು ಕೇಳಿದಳು. “ಹೊಡೀಬ್ಯಾಡ, ಇರಲಿ. ಅದರ ಕೆಳಗ ಮಾಚು ಪಿಚು ಅಂತ ಬರಿ” ಎಂದರು. “ಅದು ಆಯಿದು ಅಜ್ಜ!” ಎಂದು ಅವಳ ತಕರಾರು. ಕೊನೆಗೆ ‘ಇಬ್ಬರದೂ’ ಎಂದು ಬರೆದುಕೊಂಡು ಹೋದಳು. ಟೀಚರು ಎಷ್ಟು ಅಂಕ ಕೊಟ್ಟರೆಂದು ಇನ್ನೂ ತಿಳಿದಿಲ್ಲ.

ನಾವು 61ನೇ ಪುಟದಲ್ಲಿದ್ದೇವೆ. ನಾಳೆ ಮಳೆ ಬರದಿದ್ದರೆ ಕಟ್ಟೆಯ ಮೇಲೆ, ಬಂದರೆ ಒಳಗೆ, ದೀಪದ ಕೆಳಗೆ.